ಒಂದು ಅಂಕದ ಸಾಲ

ಮಂಗಳೂರಿನಿಂದ ವಿಜಯಪುರಕ್ಕೆ ಹೋಗುವ ರೈಲಿನಲ್ಲಿ ನಮ್ಮ ಕಡೆಯ ಮಾತು ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಮುಗಿಯುತ್ತದೆ. ಅಲ್ಲಿ ಇಳಿಯುವವರು ಇಳಿದುಬಿಟ್ಟರೆ, ಘಟ್ಟ ಹತ್ತುವ ಬೋಗಿಯಲ್ಲಿ ಉಳಿಯುವುದು ಬೇರೆಯದೇ ಕನ್ನಡ. ಜನವರಿಯ ಆ ದಿನ ನನ್ನ ಸುತ್ತ ಸಿಮೆಂಟು ಚೀಲಗಳಲ್ಲಿ ಕಟ್ಟಿದ ಪಾತ್ರೆಗಳಿದ್ದವು. ಒಂದು ಚೀಲದಿಂದ ಗಾರೆ ಮೆತ್ತಿದ ಕರಣೆಯ ತುದಿ ಹೊರಗೆ ಇಣುಕುತ್ತಿತ್ತು. ಸೀಟಿನ ಕೆಳಗೆ ಹಾಸಿದ ಚಾದರದ ಮೇಲೆ ಮೂರು ಮಕ್ಕಳು ಮಲಗಿದ್ದರು. ಎಲ್ಲರೂ ಬನಶಂಕರಿ ಜಾತ್ರೆಗೆ ಊರಿಗೆ ಹೊರಟವರು. ಎದುರು ಕೂತ ಹೆಂಗಸು ಬುತ್ತಿ ಬಿಚ್ಚುತ್ತ ಕೇಳಿದಳು:

“ಯಾ ಊರಿಗೆ ಹೊಂಟೀರಿ ಅಕ್ಕಾರ?”

“ಹುನಗುಂದದ ಹತ್ತಿರ. ಅಲ್ಲಿ ಒಂದು ಶಾಲೆ ಉಂಟು.”

ಕೆಳಗಿನ ಚಾದರದಿಂದ ಕಿಸಕ್ಕನೆ ನಗು ಬಂತು. “ಉಂಟಂತ, ಉಂಟು!” ಅವ್ವ ಬಗ್ಗಿ ಮಗನ ತಲೆಗೊಂದು ಮೊಟಕಿದಳು. ಆಮೇಲೆ ನನಗೆ ಬೇಜಾರಾದೀತೆಂದು ಬಿಡಿಸಿ ಹೇಳಿದಳು: “ನಾವು ಐತಿ ಅಂತೀವಲ್ರಿ, ಅದಕ್ಕ ನಗತಾನ.”

22 ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಕನ್ನಡದವರೊಬ್ಬರು ನನಗೆ ಕನ್ನಡದ ಅರ್ಥ ಹೇಳಿದ್ದು ಅದೇ ಮೊದಲು.

ನನ್ನ ಶಾಲೆ ಮಂಗಳೂರಿನ ಹೊರವಲಯದ ಒಂದು ಸರಕಾರಿ ಕನ್ನಡ ಶಾಲೆ. ಊರವರ ಮಕ್ಕಳು ಬೆಳಿಗ್ಗೆ ಅದರ ಗೇಟಿನ ಮುಂದೆ ನಿಂತು ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿಗೆ ಕಾಯುತ್ತಾರೆ. ಗೇಟಿನ ಒಳಗೆ ಬರುವವರಲ್ಲಿ ಹೆಚ್ಚಿನವರು ಬಾಗಲಕೋಟೆ, ಬಾದಾಮಿ, ಹುನಗುಂದ, ಕೊಪ್ಪಳದ ಕಡೆಯವರು; ಕಟ್ಟಡ ಕಟ್ಟುವವರ, ಬಂದರಿನಲ್ಲಿ ಹೊರೆ ಹೊರುವವರ ಮಕ್ಕಳು. ಅವರಿಲ್ಲದಿದ್ದರೆ ಶಾಲೆಗೆ ಯಾವತ್ತೋ ಬೀಗ ಬೀಳುತ್ತಿತ್ತು. ಆದರೂ ನಮ್ಮ ಬಾಯಲ್ಲಿ ಅವರು ‘ಘಟ್ಟದವರು’. ನಮ್ಮ ಶಾಲೆಯನ್ನು ಉಳಿಸಿದವರಿಗೆ ನಾವು ಇಟ್ಟ ಹೆಸರು ಅದು.

ಕಳೆದ ಸೆಪ್ಟೆಂಬರಿನಲ್ಲಿ ನಾಲ್ಕನೇ ತರಗತಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಚಿತ್ರ ನೋಡಿ ಹೆಸರು ಬರೆಯಬೇಕು. ಒಂದು ಚಿತ್ರ ಈರುಳ್ಳಿಯದು. ನಮ್ಮ ಕಡೆಯ ಮಕ್ಕಳು ‘ನೀರುಳ್ಳಿ’ ಎಂದು ಬರೆದಿದ್ದರು, ಸರಿ ಹಾಕಿದೆ. ಕೆಲವರು ಪುಸ್ತಕದಲ್ಲಿದ್ದಂತೆ ‘ಈರುಳ್ಳಿ’ ಎಂದು ಬರೆದಿದ್ದರು, ಅದಕ್ಕೂ ಸರಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ದುಂಡಗಿನ ಅಕ್ಷರದಲ್ಲಿ ‘ಉಳ್ಳಾಗಡ್ಡಿ’ ಎಂದು ಬರೆದಿದ್ದಳು. ಕೆಂಪು ಪೆನ್ನಿನಿಂದ ತಪ್ಪು ಹಾಕಿದೆ. 20ಕ್ಕೆ 17 ಬಂತು.

“ಟೀಚರ್, ಉಳ್ಳಾಗಡ್ಡಿ ಯಾಕ ತಪ್ಪು?” ಎಂದು ಕೇಳಿದಳು.

“ಪುಸ್ತಕದಲ್ಲಿ ಹಾಗೆ ಇಲ್ಲ” ಎಂದೆ.

ಅವಳು ಮರುಮಾತಾಡದೆ ಹೋಗಿ ಕೂತಳು. ನೀರುಳ್ಳಿಯೂ ಪುಸ್ತಕದಲ್ಲಿಲ್ಲ ಎಂಬುದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ದೀಪಾವಳಿ ಕಳೆದಿತ್ತು, ಅವಳ ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡ ಮುಗಿದಿತ್ತು, ಸಂಸಾರ ಊರಿಗೆ ಹೋಗಿತ್ತು. ಹೊಸ ವರ್ಷಕ್ಕೆ ಅವಳ ಊರಿನ ಶಾಲೆಯಿಂದ ಟಿ.ಸಿ. ಕೇಳಿ ಪತ್ರ ಬಂತು.

“ಅಂಚೆಗೆ ಹಾಕಿದರೆ ಮುಗಿಯಿತಲ್ಲ ಟೀಚರ್, ನೀವೆಂತಕ್ಕೆ ಅಷ್ಟು ದೂರ ಹೋಗುವುದು?” ಎಂದರು ನಮ್ಮ ಹೆಡ್ಮಾಸ್ಟರು.

“ಒಂದು ಅಂಕದ ಸಾಲ ಉಂಟು ಸರ್” ಎಂದು ನಾಲ್ಕು ದಿನ ರಜೆ ಬರೆದುಕೊಟ್ಟೆ.

*

ಬಾದಾಮಿ ಸ್ಟೇಷನ್ನಿನಿಂದ ಊರಿಗೆ ಐದು ಕಿಲೋಮೀಟರು. ಆಟೋದಲ್ಲಿ ಕೂತಾಗ ಬೆಳಗಿನ ಚಳಿ, ಮುಖಕ್ಕೆ ಒಣಗಾಳಿ. ಕರಾವಳಿಯ ಮೈಗೆ ಆ ಗಾಳಿ ಹೊಸತು. ಅದರಲ್ಲಿ ಬೆವರೂ ಇಲ್ಲ, ಮೀನಿನ ವಾಸನೆಯೂ ಇಲ್ಲ. ತಿರುವಿನಲ್ಲಿ ಕೆಂಪು ಬಂಡೆ ಒಮ್ಮೆಲೇ ಎದುರಾಯಿತು. ಇಡೀ ಊರು ಅದರ ಕಾಲ ಬುಡದಲ್ಲಿ ಕೂತಂತಿತ್ತು.

ಮೂರನೆಯ ಗುಹೆಯ ಮುಂದೆ ನಿಂತೆ. ಚಾಲುಕ್ಯರ ಮಂಗಳೇಶ ಇದನ್ನು ಮುಗಿಸಿದ್ದು ಶಕ 500, ಅಂದರೆ ಕ್ರಿ.ಶ. 578ರಲ್ಲಿ. ಕಾಲಮಾನ ಇಷ್ಟು ನಿಖರವಾಗಿ ಗೊತ್ತಿರುವ ಹಳೆಯ ಗುಹಾಲಯಗಳು ಕಡಿಮೆ. ಚಾಚಿದ ಕಂಬದ ಮೇಲಿನ ಜೋಡಿಗಳನ್ನು ನೋಡುತ್ತಿರುವಾಗ ಕೋತಿಯೊಂದು ನನ್ನ ಕೈಚೀಲದ ಜಿಪ್ಪಿಗೆ ಕೈ ಹಾಕಿತು. ಚೀಲದಲ್ಲಿದ್ದದ್ದು ಟಿ.ಸಿ. ಮತ್ತು ಆ ಉತ್ತರಪತ್ರಿಕೆ. ಎರಡು ಕೈಯಲ್ಲಿ ಅವಚಿಕೊಂಡು ಮೆಟ್ಟಿಲು ಇಳಿದೆ.

ಕೆಳಗೆ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದು ಏಟು ಕಲ್ಲಿನ ಮೇಲೆ, ಅದರ ಮಾರ್ದನಿ ಎದುರಿನ ಬಂಡೆಯಿಂದ. ಹೊಂಡದ ಆಚೆ ದಂಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದು. ಕನ್ನಡದ ತ್ರಿಪದಿಗೆ ಸಿಕ್ಕುವ ಅತಿ ಹಳೆಯ ಮಾದರಿ ಅದು. ಹಳ್ಳಿಯ ಹೆಂಗಸರು ಬೀಸುವಾಗ ಹಾಡುವ ಅದೇ ಮೂರು ಸಾಲಿನ ಧಾಟಿಯನ್ನು ಇಲ್ಲಿ ಯಾರೋ ವೀರನೊಬ್ಬನ ಗುಣ ಹೇಳಲು ಕಲ್ಲಿಗೆ ಹತ್ತಿಸಿದ್ದಾರೆ.

ಅಲ್ಲಿ ಕೂತಾಗ ನನಗೆ ಪಾಠ ಮಾಡಿ ಮಾಡಿ ಬಾಯಿಪಾಠವಾದ ಒಂದು ಮಾತು ನೆನಪಾಯಿತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಗಡಿ ಹಾಕಿ ತೋರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವೆ. ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಕಿಸುವೊಳಲು ಎಂದರೆ ಪಟ್ಟದಕಲ್ಲು, ನಾನು ಕೂತಲ್ಲಿಂದ ಸುಮಾರು 22 ಕಿಲೋಮೀಟರು. ಪರೀಕ್ಷೆಗಾಗಿ ಈ ನಾಲ್ಕು ಹೆಸರು ಉರು ಹೊಡೆದಿದ್ದೆ. ಉರು ಹೊಡೆದ ಆ ಸೀಮೆಯ ಕಡೆಯಿಂದ ಬಂದ ಹುಡುಗಿ ನನ್ನೆದುರು ಬೆಂಚಿನಲ್ಲಿ ಕೂತಾಗ ಅವಳ ಪದಕ್ಕೆ ತಪ್ಪು ಹಾಕಿದ್ದೆ. ಅದೇ ಗ್ರಂಥ ಇನ್ನೊಂದು ಕಡೆ, ಸೀಮೆ ಸೀಮೆಗೂ ದೇಸಿ ಬೇರೆಯಾಗುವುದರಿಂದ ಸಾವಿರ ನಾಲಿಗೆಯ ವಾಸುಕಿಗೂ ಅದನ್ನೆಲ್ಲ ಅರಿಯಲಾಗದೆ ಬೇಸರವಾದೀತು ಎನ್ನುತ್ತದೆ. ವಾಸುಕಿಗೆ ಬೇಸರ ಬಂದೀತು, ನಿಜ. ಒಂದು ನಾಲಿಗೆಯ ಟೀಚರಿಗೆ ಮಾತ್ರ ಎಲ್ಲ ಗೊತ್ತಿತ್ತು.

ಮಧ್ಯಾಹ್ನಕ್ಕೆ ಬನಶಂಕರಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆ ಇದು. ದಾರಿಯುದ್ದಕ್ಕೂ ನಾಟಕ ಕಂಪನಿಗಳ ತಗಡಿನ ಟೆಂಟು, ಅವುಗಳ ಮುಂದೆ ಆಳೆತ್ತರದ ಬೋರ್ಡು, ಒಂದಕ್ಕಿಂತ ಒಂದು ಜೋರಾದ ಧ್ವನಿವರ್ಧಕ. ಹರಿದ್ರಾತೀರ್ಥದ ಹತ್ತಿರ, ಮರದ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಬಂದವರಿಗೆ ಊಟ ಬಡಿಸುತ್ತಾರೆ. ಖಡಕ್ ಜೋಳದ ರೊಟ್ಟಿ, ಮಡಕಿಕಾಳ ಪಲ್ಯ, ಎಣ್ಣೆಗಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಒಬ್ಬ ಅಜ್ಜಿಯ ಮುಂದೆ ಕೂತೆ. ಚಟ್ನಿಯ ಖಾರ ತಲೆಗೆ ಏರಿತು.

“ಅಜ್ಜಿ, ಒಂದು ನೀರುಳ್ಳಿ ಕೊಡಿ.”

ಅಜ್ಜಿ ತಂಬಿಗೆಯಿಂದ ನೀರು ಬಗ್ಗಿಸಿ ಕೊಟ್ಟಳು. ಕುಡಿದೆ. ಮತ್ತೆ ಕೇಳಿದೆ. ಮತ್ತೆ ನೀರು ಬಂತು. ಪಕ್ಕದಲ್ಲಿ ಉಣ್ಣುತ್ತಿದ್ದವರು ನನ್ನ ಕಡೆ ಮರುಕದಿಂದ ನೋಡಿದರು. ಕೊನೆಗೆ ಬುಟ್ಟಿಯ ಕಡೆ ಬೆರಳು ತೋರಿಸಿ, ನನ್ನ ಜನ್ಮದಲ್ಲಿ ಮೊದಲ ಸಲ, ನಾನೇ ತಪ್ಪು ಹಾಕಿದ ಪದವನ್ನು ಬಾಯಿಬಿಟ್ಟು ಅಂದೆ: “ಉಳ್ಳಾಗಡ್ಡಿ.”

“ಹಾಂ, ಹಂಗ ಕನ್ನಡದಾಗ ಕೇಳಬೇಕವಾ!” ಎಂದು ಅಜ್ಜಿ ಒಂದು ಗಡ್ಡೆ ತೆಗೆದು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ, ಸಿಪ್ಪೆ ಹಾರಿಸಿ ಎಲೆಯ ಮೇಲೆ ಹಾಕಿದಳು.

*

ಗುಳೇದಗುಡ್ಡದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹಿರಿಯರೊಬ್ಬರು ಊರ ಹೆಸರನ್ನು ಬಿಡಿಸಿದರು. “ಗುಳೇ ಬಂದವರ ಗುಡ್ಡರಿ ಇದು. ಬ್ಯಾರೆ ಕಡಿಂದ ಎದ್ದ ಬಂದ ಮಂದಿ ಇಲ್ಲಿ ನೆಲಿ ನಿಂತರು.” ಬರ ಬಂದಾಗ, ಕೆಲಸವಿಲ್ಲದಾಗ ಸಂಸಾರ ಸಮೇತ ಊರು ಬಿಟ್ಟು ಹೋಗುವುದಕ್ಕೆ ಈ ಸೀಮೆಯ ಮಾತು ‘ಗುಳೆ ಹೋಗುವುದು’. ನಮ್ಮ ಶಾಲೆಯ ದಾಖಲೆಗಳಲ್ಲಿ ಅದನ್ನು ‘ವಲಸೆ’ ಎಂದು ಬರೆಯುತ್ತೇವೆ. ವಲಸೆ ಎಂದಾಗ ಹಕ್ಕಿ ನೆನಪಾಗುತ್ತದೆ. ಗುಳೆ ಎಂದಾಗ ತಲೆಯ ಮೇಲಿನ ಗಂಟು, ಕಂಕುಳಲ್ಲಿನ ಕೂಸು.

ಓಣಿಗಳಲ್ಲಿ ಮಗ್ಗದ ಸಪ್ಪಳ. ಗುಳೇದಗುಡ್ಡದ ಖಣ ಎಂದರೆ ಕುಬುಸದ ಬಟ್ಟೆ. ತುಂಡು ತುಂಡಾಗಿ ಮಡಚಿ ಇಟ್ಟ ಖಣದ ಮೇಲೆ ತೇರು, ಆನೆಹೆಜ್ಜೆಯಂಥ ಚಿತ್ತಾರ. ಒಂದು ಮನೆಯ ಬಾಗಿಲಲ್ಲಿ ನಿಂತೆ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರರು ಮಾತಾಡುತ್ತಲೇ ಲಾಳಿ ಹಾಯಿಸುತ್ತಿದ್ದರು. ಎಲ್ಲಿಂದ ಬಂದಿರಿ ಎಂದು ಕೇಳಿದರು. ಮಂಗಳೂರು ಎಂದೆ. “ಹಿಂದಕ ನಿಮ್ಮೂರಿಂದ ಪಾದ್ರಿಗಳು ಬಂದಿದ್ರಂತ, ಸಾಲಿ ಕಲಸಾಕ” ಎಂದರು.

ಅದು ಬರೀ ಬಾಯಿಮಾತಲ್ಲ. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಹಬ್ಬಿ, 1851ರಲ್ಲಿ ಗುಳೇದಗುಡ್ಡಕ್ಕೆ ಬಂದರು. ಜರ್ಮನ್ ಮಾತಾಡುವ ಊರುಗಳಲ್ಲಿ ಹುಟ್ಟಿ, ಕರಾವಳಿಗೆ ಬಂದಿಳಿದು, ಘಟ್ಟ ಹತ್ತಿ ಈ ನೇಕಾರರ ಓಣಿಗೆ ಬಂದ ಮೇಷ್ಟ್ರುಗಳು ಅವರು. ಧರ್ಮ ಹರಡುವುದು ಅವರ ಮುಖ್ಯ ಉದ್ದೇಶವಾಗಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರಲ್ಲೊಬ್ಬ ಮಾಡಿದ ಕೆಲಸ ಆ ಉದ್ದೇಶವನ್ನು ಮೀರಿ ಬೆಳೆಯಿತು. 1853ರಲ್ಲಿ ಭಾರತಕ್ಕೆ ಬಂದು ಧಾರವಾಡದ ಕಡೆ ಕೆಲಸಕ್ಕೆ ನಿಂತ ಫರ್ಡಿನಾಂಡ್ ಕಿಟ್ಟೆಲ್ ನಾಲ್ಕು ದಶಕ ಪದಗಳ ಬೆನ್ನು ಹತ್ತಿದರು. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ.

ಆ ನಿಘಂಟು ನಮ್ಮ ಶಾಲೆಯ ಕಪಾಟಿನಲ್ಲೂ ಇದೆ. ಅದರಲ್ಲಿ ಪದಗಳ ಪಕ್ಕ ಚಿಕ್ಕ ಚಿಕ್ಕ ಗುರುತುಗಳಿರುತ್ತವೆ: ಇದು ಮೈಸೂರಿನ ಕಡೆಯ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯದು ಎಂದು. ಧಾರವಾಡ, ಬೆಳಗಾವಿ, ವಿಜಯಪುರದ ಈ ಭಾಗವನ್ನು ಬ್ರಿಟಿಷರು ಕರೆಯುತ್ತಿದ್ದ ಹೆಸರು ಅದು. ಹೊರಗಿನಿಂದ ಬಂದವರು ಊರ ಪದ ಕಂಡಾಗ ಅದರ ಪಕ್ಕ ಊರ ಗುರುತು ಹಾಕಿದರು. ಒಳಗಿನವಳಾದ ನಾನು ತಪ್ಪು ಗುರುತು ಹಾಕಿದೆ.

ಅಂದು ರಾತ್ರಿ ಬಾಗಲಕೋಟೆಯ ನವನಗರದಲ್ಲಿ ತಂಗಿದೆ. ವಿಳಾಸಗಳೆಲ್ಲ ಸೆಕ್ಟರ್ ನಂಬರುಗಳಲ್ಲಿ, ರಸ್ತೆಗಳೆಲ್ಲ ಗೆರೆ ಎಳೆದಂತೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಏರಿ ಹಳೆಯ ಊರಿನ ಭಾಗಗಳನ್ನು ನುಂಗಿದಾಗ, ಎದ್ದು ಬಂದವರಿಗಾಗಿ ಕಟ್ಟಿದ ಊರು ಇದು. ಊಟದ ಹೋಟೆಲಿನವರು “ನಮ್ಮದು ಮುಳುಗಡಿ ಮನಿರಿ” ಎಂದರು, ಹೊಲಮನೆ ಇದೆ ಎನ್ನುವಷ್ಟು ಸಹಜವಾಗಿ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇನ್ನೂ ಇದೆ, ಏರಿದರೆ ಇನ್ನಷ್ಟು ಹಳ್ಳಿ ಏಳಬೇಕು. ದುಡಿಮೆಗಾಗಿ ಮನುಷ್ಯರು ಗುಳೆ ಹೋಗುವುದನ್ನು ಕಂಡಿದ್ದೆ. ಇಲ್ಲಿ ಊರೇ ಗುಳೆ ಎದ್ದಿತ್ತು.

*

ಮರುದಿನ ಮುಂಜಾನೆ ಹುನಗುಂದದ ಬಸ್ಸು. ಶಿರೂರು, ಕಮತಗಿ, ಅಮೀನಗಡ. ಅಮೀನಗಡದಲ್ಲಿ ಕಿಟಕಿಯ ಬಳಿ ಕರದಂಟಿನ ಪೊಟ್ಟಣ ಬಂತು, ಮಕ್ಕಳಿಗೆಂದು ತೆಗೆದುಕೊಂಡೆ. ಎರಡೂ ಕಡೆ ಎರೆಹೊಲ. ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ನಡುವೆ ಕಡಲೆ, ಅಂಚಿಗೆ ಕುಸುಬೆ. ಕಣ್ಣಿಗೆ ಅಡ್ಡ ಬರಲು ಒಂದು ತೆಂಗಿನ ಮರವೂ ಇಲ್ಲ. ಇಷ್ಟು ದೊಡ್ಡ ಆಕಾಶದ ಕೆಳಗೆ ಬೆಳೆದ ಹುಡುಗಿ ನಮ್ಮ ಜಿಟಿಜಿಟಿ ಮಳೆಯ ಕೋಣೆಯಲ್ಲಿ ಯಾಕೆ ಯಾವಾಗಲೂ ಕಿಟಕಿಯ ಬಳಿ ಕೂರಲು ಬಯಸುತ್ತಿದ್ದಳು ಎಂದು ಅಲ್ಲಿ ತಿಳಿಯಿತು.

ಐಹೊಳೆಯ ಕಡೆ ತಿರುಗುವ ದಾರಿಯಲ್ಲಿ ಇನ್ನೊಬ್ಬ ಪರದೇಶಿ ನೆನಪಾದರು. ಜಾನ್ ಫೇಯ್ತ್‌ಫುಲ್ ಫ್ಲೀಟ್ 1872ರಲ್ಲಿ ಮುಂಬಯಿ ಪ್ರಾಂತದ ದಕ್ಷಿಣ ವಿಭಾಗಕ್ಕೆ ಶಿಕ್ಷಣ ಇನ್ಸ್‌ಪೆಕ್ಟರ್ ಆಗಿ ನೇಮಕವಾದ ಅಧಿಕಾರಿ. ಮಕ್ಕಳ ಪಾಠ ಒಪ್ಪಿಸಿಕೊಳ್ಳುವ ಹುದ್ದೆಯವರು ಈ ಸೀಮೆಯ ಕಲ್ಲುಗಳ ಪಾಠ ಒಪ್ಪಿಸಿಕೊಂಡರು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ 634ರ ಪುಲಕೇಶಿಯ ಶಾಸನವನ್ನು ಓದಿ ಪ್ರಕಟಿಸಿದವರಲ್ಲಿ ಅವರೂ ಒಬ್ಬರು. ಜನ ಹಾಡುವ ಲಾವಣಿಗಳನ್ನೂ ಕೂಡಿಹಾಕಿದರು, ತಮ್ಮ ಸರಕಾರದ ವಿರುದ್ಧ ಎದ್ದ ಹಲಗಲಿ ಬೇಡರ ಲಾವಣಿಯನ್ನೂ ಬಿಡಲಿಲ್ಲ. ‘ಹಲಗಲಿ ಬೇಡರು’ ನಮ್ಮ ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿದೆ. ಕರಾವಳಿಯ ಮಕ್ಕಳು ಅದರ ಪದಗಳಿಗೆ ಅರ್ಥ ಹುಡುಕುತ್ತಾರೆ. ಹಿಂದಿನ ಬೆಂಚಿನ ಬಾಗಲಕೋಟೆಯ ಹುಡುಗನನ್ನು ಕೇಳಬಹುದು ಎಂದು ಯಾರಿಗೂ ತೋಚುವುದಿಲ್ಲ.

ಶಾಲೆಯ ಊರಿಗೆ ಬಸ್ಸು ದಿನಕ್ಕೆ ಎರಡು ಸಲ. ನಾನು ಟಂಟಂ ಏರಿ ಹೋದೆ. ಮಲಪ್ರಭೆಯ ದಂಡೆಯಿಂದ ತುಸು ದೂರದಲ್ಲಿ ಕಲ್ಲಿನ ಮನೆಗಳು, ಮೇಲೆ ಮಣ್ಣಿನ ಮಾಳಿಗೆ, ಅಗಸಿ ದಾಟಿದ ಮೇಲೆ ಹಣಮಪ್ಪನ ಗುಡಿ, ಅದರ ಹಿಂದೆ ಶಾಲೆ. ಐದನೇ ತರಗತಿವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು, ಬಿಸಿಯೂಟದ ಒಂದು ಅಡುಗೆಕೋಣೆ, ಅದರ ಬಾಗಿಲಲ್ಲಿ ತೊಗರಿಬೇಳೆ ಬೇಯುವ ಪರಿಮಳ.

ಹೆಡ್ಮಾಸ್ತರರು ಟಿ.ಸಿ. ನೋಡಿ, ನನ್ನನ್ನು ನೋಡಿ, ಮತ್ತೆ ಟಿ.ಸಿ. ನೋಡಿದರು. “ಇದನ್ನ ಕೊಡಾಕ ಬಂದ್ರಿ? ಅಲ್ಲಿಂದ?” ಚಹಾ ತರಿಸಿದರು. ಹಾಜರಿ ಪುಸ್ತಕ ತೆರೆದು ತೋರಿಸಿದರು. 41 ಹೆಸರು, ಅಂದು ಬಂದವರು 26. ಬಾರದವರಲ್ಲಿ ಕೆಲವರ ಹೆಸರಿನ ಸಾಲಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘ಗು’ ಎಂದು ಬರೆದಿತ್ತು.

“ಇದೇನು ಸರ್?”

“ಗುಳೇರಿ. ಇಲಾಖೆದಾಗ ಹಾಜರ್ ಇಲ್ಲಾ ಗೈರ್ ಎರಡಾ. ಈ ಹುಡುಗ್ರು ಗೈರ್ ಹಾಜರಲ್ರಿ, ದುಡಿಯೋರ ಜೋಡಿ ಹೋಗ್ಯಾರ. ನನ್ನ ನೆನಪಿಗೆ ಬರಕೊಂತೀನಿ. ಬಂದ ದಿನ ಅಳಸ್ತೀನಿ.”

ನಮ್ಮ ಶಾಲೆಯಲ್ಲಿ ಇಂಥ ಮಗು ಎರಡು ವಾರ ಬಾರದಿದ್ದರೆ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುತ್ತೇವೆ. ಇಲ್ಲಿ ಪೆನ್ಸಿಲು.

ಒಂದರಿಂದ ಮೂರರವರೆಗೆ ನಲಿ–ಕಲಿ ಕೋಣೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ಗಾಳಿಗೆ ತಿರುಗುತ್ತಿದ್ದವು. ಗೋಡೆಗೆ ಕಲಿಕೆಯ ಏಣಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ. ನಾನು ತರಬೇತಿಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೆ, ಇದು ಯಾರಿಗೆ ಹೇಳಿ ಮಾಡಿಸಿದ್ದು ಎಂದು ಯೋಚಿಸಿರಲಿಲ್ಲ. ಮೂರು ತಿಂಗಳು ಗೋವಾದಲ್ಲೋ ಮಂಗಳೂರಿನಲ್ಲೋ ಇದ್ದು ಬಂದ ಮಗು ಪಾಠ ತಪ್ಪಿಹೋಯಿತೆಂದು ಅಳಬೇಕಾಗಿಲ್ಲ. ಬಿಟ್ಟ ಮೆಟ್ಟಿಲು ಅಲ್ಲೇ ಇರುತ್ತದೆ, ಅಲ್ಲಿಂದ ಹತ್ತಿದರೆ ಆಯಿತು. ನಾಲ್ಕನೇ ತರಗತಿಗೆ ಆ ಏಣಿ ಮುಗಿಯುತ್ತದೆ. ಗುಳೆ ಮಾತ್ರ ಮುಗಿಯುವುದಿಲ್ಲ.

ನಾಲ್ಕು–ಐದರ ಕೋಣೆಗೆ ಹೋದಾಗ ಹಿಂದಿನ ಸಾಲಿನಿಂದ ಅವಳು ಎದ್ದು ನಿಂತಳು. ನಗಲಿಲ್ಲ. ಟೀಚರ್ ಹುಡುಕಿಕೊಂಡು ಬಂದಿದ್ದಾರೆಂದರೆ ಏನೋ ತಪ್ಪಾಗಿದೆ ಎಂಬ ಮುಖ. ಇಲ್ಲಿ ಅವಳು ಹಿಂದೆ ಕೂತದ್ದು ಎತ್ತರದ ಕಾರಣಕ್ಕೆ. ಅಕ್ಕಪಕ್ಕದ ಮೂವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು.

“ಮಂಗಳೂರಿಂದ ಟೀಚರ್ ಬಂದಾರ, ಒಂದು ಪಾಠ ಮಾಡ್ತಾರ” ಎಂದು ಹೆಡ್ಮಾಸ್ತರರು ಸೀಮೆಸುಣ್ಣ ನನ್ನ ಕೈಗಿತ್ತರು. ಸಮುದ್ರದ ಬಗ್ಗೆ ಹೇಳೋಣವೆಂದುಕೊಂಡೆ; ಬಯಲುಸೀಮೆಯ ಮಕ್ಕಳಿಗೆ ಕಡಲು ಬೆರಗಿನ ವಿಷಯ ಎಂಬ ಧೈರ್ಯ.

“ಸಮುದ್ರವನ್ನು ಯಾರು ನೋಡಿದ್ದೀರಿ?”

ಅರ್ಧ ಕೋಣೆ ಕೈ ಎತ್ತಿತು. ಒಬ್ಬನ ಅಪ್ಪ ಬಂದರಿನಲ್ಲಿ ಐಸ್ ಹೊರುತ್ತಾನೆ. ಒಬ್ಬಳು ಪಣಂಬೂರಿನಲ್ಲಿ ಒಂಟೆ ನೋಡಿದ್ದಾಳೆ. ಒಬ್ಬ ನನಗೇ ದೂರು ಹೇಳಿದ: “ನೀರು ಉಪ್ಪ ಅದಾವು ಅಂದ್ರ ನಮ್ ಮುತ್ಯಾ ನಂಬವಲ್ಲರಿ.” ಮುಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, ಎದೆ ಉಬ್ಬಿಸಿ ಕೇಳಿದ:

“ಎಂಚ ಉಲ್ಲರ್ ಟೀಚರ್?”

ಹುನಗುಂದದ ಎರೆಮಣ್ಣಿನ ನಡುವೆ ನನ್ನ ಮನೆಯ ತುಳು. ಹೇಗಿದ್ದೀರಿ ಎಂದು ಕೇಳಿದ್ದ. ಉತ್ತರ ಕೊಡಲು ಗಂಟಲು ಸರಿಮಾಡಿಕೊಳ್ಳಬೇಕಾಯಿತು. ಈ ಮಕ್ಕಳು ನಮ್ಮೂರಿಗೆ ಬಂದು ನಮ್ಮ ಕನ್ನಡ ಕಲಿತಿದ್ದರು, ಬೀದಿಯ ತುಳು ಕಲಿತಿದ್ದರು, ಊರಿಗೆ ಹೊತ್ತು ತಂದಿದ್ದರು. 22 ವರ್ಷ ಅವರಿಗೆ ಪಾಠ ಹೇಳಿದ ನಾನು ಅವರಿಂದ ಕಲಿತ ಪದ ಒಂದು, ಅದೂ ನಿನ್ನೆ ಮಧ್ಯಾಹ್ನ, ಖಾರ ತಾಳಲಾರದೆ.

ಸಮುದ್ರ ಬಿಟ್ಟೆ. ಹಲಗೆಯ ಮೇಲೆ ಈರುಳ್ಳಿಯ ಚಿತ್ರ ಬರೆದು, ಕೆಳಗೆ ‘ನೀರುಳ್ಳಿ’ ಎಂದು ಬರೆದೆ. ಕೋಣೆ ನಗೆಯಲ್ಲಿ ಬಿದ್ದಿತು. “ನೀರಾಗಿಂದ ಉಳ್ಳಾಗಡ್ಡಿ ಏನ್ರಿ?” “ತಪ್ಪ ಬರದೀರಿ ಟೀಚರ್!” ಅವಳು ಒಬ್ಬಳೇ ನಗದೆ ನನ್ನ ಕೈಯನ್ನೇ ನೋಡುತ್ತಿದ್ದಳು. ಅದರ ಕೆಳಗೆ ‘ಈರುಳ್ಳಿ’ ಬರೆದೆ, ಅದರ ಕೆಳಗೆ ‘ಉಳ್ಳಾಗಡ್ಡಿ’. ಮೂರರಲ್ಲೂ ಅಡಗಿರುವ ಪದ ಯಾವುದು ಎಂದು ಕೇಳಿದೆ. ಐದನೇ ತರಗತಿಯ ಹುಡುಗನೊಬ್ಬ ಬೆರಳು ಹಿಡಿದು ಓದಿ ‘ಉಳ್ಳಿ’ ಎಂದ. ಬೆಳ್ಳುಳ್ಳಿಯಲ್ಲೂ ಅದೇ ಇದೆ ಎಂದು ಇನ್ನೊಬ್ಬಳು ಸೇರಿಸಿದಳು. ಬೇರು ಒಂದೇ, ಸಿಪ್ಪೆ ಬೇರೆ ಬೇರೆ ಎಂದು ಹೇಳಿ ಪಾಠ ಮುಗಿಸಬಹುದಿತ್ತು. ಆದರೆ ನಾನು ಬಂದದ್ದು ಪಾಠಕ್ಕಲ್ಲ.

ಬಿಸಿಯೂಟಕ್ಕೆ ಬಿಟ್ಟಾಗ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಉತ್ತರಪತ್ರಿಕೆ ತೆಗೆದೆ. ಅದೇ ಕೆಂಪು ಪೆನ್ನಿನಿಂದ ತಪ್ಪು ಹೊಡೆದುಹಾಕಿ ಸರಿ ಹಾಕಿದೆ, ಪಕ್ಕದಲ್ಲಿ ಸಹಿ ಮಾಡಿದೆ. “ನಂದೇ ತಪ್ಪು” ಎಂದೆ. ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಏನಾದರೂ ಹೇಳುತ್ತಾಳೆಂದು ಕಾದೆ.

“ಟೀಚರ್, ಒಟ್ಟು ತಿದ್ದಿಲ್ರಿ. ಹದಿನೇಳ ಐತಿ.”

ತಿದ್ದಿದೆ. 18. ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಪಾಟಿಚೀಲದಲ್ಲಿಟ್ಟು ಊಟಕ್ಕೆ ಓಡಿದಳು.

*

ಸಂಜೆ ಹುಡುಗಿ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅಪ್ಪ ಅವ್ವ ಜಾತ್ರೆ ಮುಗಿಸಿ ಮತ್ತೆ ದುಡಿಯಲು ಹೋಗುವವರು. ಈ ಸಲ ಅವಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ, ಅದಕ್ಕೇ ಟಿ.ಸಿ. ಅಜ್ಜಿ ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹರಡಿದ ಉಳ್ಳಾಗಡ್ಡಿಗಳಲ್ಲಿ ಕೊಳೆತದ್ದನ್ನು ಆರಿಸುತ್ತಿದ್ದಳು. ನಾನೂ ಕೂತು ಆರಿಸತೊಡಗಿದೆ.

“ಇಷ್ಟೂ ನಿಮ್ಮ ಹೊಲದ್ದಾ ಅಜ್ಜಿ?”

“ಇದು ಮನಿಗೆ ಇಟ್ಟಿದ್ದವ್ವ. ಒಂದ ವರ್ಷ ಗಾಡಿ ತುಂಬ ಬೆಳದಿದ್ವಿ. ದರಾನ ಬಿದ್ದು ಹೋತು. ಕೀಳೋ ಕೂಲಿ ಸೈತ ಹುಟ್ಟಲಿಲ್ಲ, ಹೊಲದಾಗ ಬಿಟ್ವಿ, ದನ ಮೇದ್ವು.” ಕೈಯಲ್ಲಿದ್ದ ಗಡ್ಡೆಯ ಸಿಪ್ಪೆ ಊದಿ ಅಂದಳು: “ಉಳ್ಳಾಗಡ್ಡಿ ದರ ಬಿದ್ದ ವರ್ಷಾನ ನನ್ನ ಮಗ ಮಂಗ್ಳೂರ ಕಂಡಿದ್ದು.”

ಹುಡುಗಿ ನನ್ನ ಶಾಲೆಗೆ ಬಂದದ್ದು ಉಳ್ಳಾಗಡ್ಡಿಯಿಂದ. ಬೀಜ, ಸಾಲ, ದರ, ಬಸ್ಸು, ತಗಡಿನ ಶೆಡ್ಡು, ನನ್ನ ನಾಲ್ಕನೇ ತರಗತಿ, ಎಲ್ಲವನ್ನೂ ಪೋಣಿಸಿದ್ದು ಆ ಪದ. ಆ ಪದವನ್ನೇ ನಾನು ಪುಸ್ತಕದಲ್ಲಿಲ್ಲ ಎಂದಿದ್ದೆ.

ಅಜ್ಜಿ ಎದ್ದು ನಿಂತಾಗ ಅವಳ ಸೀರೆಯ ಸೆರಗು ಗಮನಿಸಿದೆ. ಬಣ್ಣ ಮಾಸಿದ ಇಳಕಲ್ಲ ಸೀರೆ, ಕೆಂಪು ಸೆರಗಿನಲ್ಲಿ ಬಿಳಿ ಗೋಪುರಗಳು. “ಇಳಕಲ್ಲಿಗೆ ಹೋಗೇ ಹೋಗ್ರಿ, ಹತ್ರಾನ ಐತಿ” ಎಂದಳು.

ಇಳಕಲ್ಲಿನ ಅಂಗಡಿಯಲ್ಲಿ ನಾನು ಬಾಯಿ ತೆರೆದದ್ದೇ ತಡ, “ಕೇರಳದವ್ರೇನ್ರಿ?” ಎಂದರು. ಅಷ್ಟು ಹೊತ್ತಿಗೆ ಬೇಸರವಾಗುವ ಹಂತ ದಾಟಿದ್ದೆ. ಹಿಂದಿನ ಓಣಿಯ ನೇಕಾರರ ಮನೆಯಲ್ಲಿ ಒಂದು ಕೆಲಸ ನೋಡಿದೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ತುದಿಯ ಕುಣಿಕೆಯಲ್ಲಿ ಇನ್ನೊಂದರ ಎಳೆಯನ್ನು ಪೋಣಿಸಿ, ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸಬೇಕು. ಆಮೇಲೆ ನೇಯ್ಗೆ. ಅದಕ್ಕೇ ಒಂದು ಹಾಸಿನಿಂದ ಒಂದೇ ಸೀರೆ. ಕೊಂಡಿ ಹಾಕುವವಳು ಮನೆಯ ಹೆಂಗಸು, ಅವಳ ಬೆರಳು ನನ್ನ ಕಣ್ಣಿಗಿಂತ ಜೋರು. ಎಳೆ ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಬಿಚ್ಚಿ ಹೊಳ್ಳಿ ಹಾಕೋದ್ರಿ” ಎಂದಳು, ತಲೆ ಎತ್ತದೆ. ಹೊಳ್ಳಿ ಎಂದರೆ ಮತ್ತೊಮ್ಮೆ. ನನ್ನ ಎರಡನೆಯ ಪದ.

ಮಂಗಳೂರಿಗೆ ಮರಳಿದ ಮೇಲೆ, ಮಾರ್ಚಿನಲ್ಲಿ, ನಾಲ್ಕನೇ ತರಗತಿಯ ಪ್ರಶ್ನೆಪತ್ರಿಕೆ ನನ್ನ ಪಾಲಿಗೆ ಬಂತು. ಅದೇ ಚಿತ್ರ ಹಾಕಿದೆ. ಉತ್ತರಸೂಚಿಯಲ್ಲಿ ಮೂರು ಹೆಸರು ಬರೆದು, ಯಾವುದು ಬರೆದರೂ ಪೂರ್ಣ ಅಂಕ ಎಂದು ಕೆಳಗೆ ಗೆರೆ ಎಳೆದೆ. ಸಹೋದ್ಯೋಗಿಯೊಬ್ಬರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಈ ಮೂರನೆಯದ್ದು ಯಾವ ಪುಸ್ತಕದಲ್ಲಿ ಉಂಟು ಟೀಚರ್?”

ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಅವರ ಕಡೆ ತಿರುಗಿಸಿಟ್ಟೆ.